ಮೇಷ್ಟ್ರ ಎಡಭುಜ

ನನ್ನ ತಂಗಿ ಮೂವತ್ತೈದನೇ ವಯಸ್ಸಿಗೆ ಪ್ರೋಗ್ರಾಮಿಂಗ್ ಕಲಿಯಲು ಹೊರಟಾಗ ನಕ್ಕವರಲ್ಲಿ ನಾನೇ ಮೊದಲಿಗಳು. ಹತ್ತು ವರ್ಷ ನನ್ನ ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚಿ, ಕಾಜಾ ಹೊಲಿದವಳು. ಆದರೆ ಹಟಮಾರಿ, ಹಿಡಿದ ಕೆಲಸ ಬಿಡುವವಳಲ್ಲ. ಎರಡು ವರ್ಷ ಕಲಿತಳು. ಆಮೇಲೆ ಒಂಬತ್ತು ಕಚೇರಿಗಳ ಮೆಟ್ಟಿಲು ಹತ್ತಿಳಿದಳು. ಎಲ್ಲ ಕಡೆಯೂ ಒಂದೇ ರಾಗ: ಅನುಭವ ಇದೆಯೇ? ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು, ಆಕಾಶದಿಂದ ಉದುರುತ್ತದೆಯೇ?

"ನನ್ನ ಅಂಗಡಿಗೇ ಏನಾದ್ರೂ ಮಾಡೇ, ಅದೇ ಅನುಭವ ಆಗುತ್ತೆ" ಅಂದೆ.

ಅಳತೆ ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದಳು. ಗಿರಾಕಿಯ ಹೆಸರು ಒತ್ತಿದರೆ ಎದೆ, ಸೊಂಟ, ತೋಳು ಎಲ್ಲ ಪರದೆಯ ಮೇಲೆ. ನಾನೂ ಬೀಗಿದೆ. ಆದರೆ ಅವಳು ಅಂಕಿಗಳನ್ನಷ್ಟೇ ಇಳಿಸಿದ್ದಳು. ಪುಟದ ಅಂಚಿನಲ್ಲಿ ನಾನು ಗೀಚಿದ್ದ 'ಎಡಭುಜ ಒಂದು ಬೆರಳು ತಗ್ಗು' ಎಂಬಂಥವನ್ನೆಲ್ಲ ಬೇಡದ್ದೆಂದು ಬಿಟ್ಟಿದ್ದಳು. ಕೈತುಂಬ ಕೆಲಸವಿದ್ದ ನಾನು ಪರದೆ ನಂಬಿ ಕತ್ತರಿ ಆಡಿಸಿದೆ. ಆ ತಗ್ಗು ಭುಜದ ಹಳೇ ಗಿರಾಕಿ ಗಣಿತದ ಮೇಷ್ಟ್ರು ಹೊಸ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತರೆ ಎಡಗಡೆ ಬಟ್ಟೆ ಖಾಲಿ ಚೀಲದಂತೆ ಜೋತಿತ್ತು. ಅವರು ಹೋದ ಮೇಲೆ ತಂಗಿಯನ್ನು ಬಾಯಿಗೆ ಬಂದಂತೆ ಬೈದೆ.

ಅವಳು ಮರುದಿನದಿಂದ ಒಂದು ವಾರ ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಸ್ಟೂಲು ಹಾಕಿ ಕೂತು, ಅಳತೆ ತೆಗೆಯುವಾಗ ನಾನು ಗೊಣಗುವುದನ್ನೆಲ್ಲ ಬರೆದುಕೊಂಡಳು. ಪ್ರೋಗ್ರಾಮಿನಲ್ಲಿ ನನ್ನ ಗೊಣಗಾಟಕ್ಕೂ ಜಾಗ ಮಾಡಿದಳು.

ಹತ್ತನೇ ಕಚೇರಿಯವರು ಅವಳನ್ನು ಮಾತಾಡಿಸಿ ಕಳಿಸಿದ ಮೇಲೆ, ಅಲ್ಲಿನ ಮೇಲಧಿಕಾರಿ ಅವಳು ಕೊಟ್ಟಿದ್ದ ನಂಬರಿಗೆ, ನನಗೇ ಫೋನ್ ಮಾಡಿದರು. ಹೆಂಗಸು, ಮೆತ್ತನೆ ದನಿ. "ನಿಮ್ಮ ತಂಗಿ ಮಾಡಿಕೊಟ್ಟ ಪ್ರೋಗ್ರಾಂ ಹೇಗಿದೆ ಮೇಡಂ?"

ಹೊಗಳಬೇಕಿತ್ತು. ನನ್ನ ಬಾಯಿಗೆ ಬೀಗ ಎಲ್ಲಿದೆ? "ಏನ್ ಹೇಳೋದು, ನಮ್ಮ ಮೇಷ್ಟ್ರ ಅಂಗೀನೇ ಕೆಡಿಸಿಬಿಡ್ತು" ಅಂದೆ. ಅಂದ ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. ಒಡಹುಟ್ಟಿದವಳ ಅನ್ನಕ್ಕೆ ನಾನೇ ಕಲ್ಲು ಹಾಕಿದ್ದೆ.

"ಮತ್ತೆ, ಬಳಸೋದು ಬಿಟ್ರಾ?"

"ಯಾಕ್ ಬಿಡ್ಲಿ? ಒಂದು ವಾರ ನನ್ನ ಪಕ್ಕ ಕೂತು ಸರಿ ಮಾಡಿದ್ಲು. ಈಗ ಅದನ್ನ ನೋಡ್ದೆ ನಾನು ಕತ್ತರಿ ಮುಟ್ಟಲ್ಲ."

ಸಂಜೆ ತಂಗಿ ಅಂಗಡಿಗೆ ಬಂದಳು. ಸೋಮವಾರದಿಂದ ಕೆಲಸಕ್ಕೆ ಬರಹೇಳಿದ್ದರಂತೆ. ಹೋದ ಜೀವ ಬಂದಂತಾಯಿತು. ಫೋನಿನಲ್ಲಿ ಆಡಿದ್ದನ್ನು ಒಪ್ಪಿಕೊಂಡೆ.

"ಗೊತ್ತು ಬಿಡಕ್ಕಾ, ಆ ಮೇಡಮ್ಮೇ ಹೇಳಿದ್ರು. ಕೆಲಸ ಕೇಳ್ಕೊಂಡು ಬಂದ ಬೇರೆಯವರ ಕಡೆಯೋರಿಗೆ ಫೋನ್ ಮಾಡಿದ್ರೆ ಎಲ್ಲ ಬರೀ ಹೊಗಳ್ತಾರಂತೆ. ಬೈಕೊಂಡೂ ದಿನಾ ಬಳಸೋಳು ನೀನೊಬ್ಳೇ ಸಿಕ್ಕಿದ್ದಂತೆ."

ಅಳು, ನಗು ಎರಡೂ ಒಟ್ಟಿಗೇ ಬಂದವು. ಸೋಮವಾರ ಅವಳು ಹೋದ ಮೇಲೆ ಕಾಜಾ ಹೊಲಿಯಲು ನಾನೇ ಕೂತೆ, ಖುಷಿಯಾಗಿಯೇ.