ದರ್ಜಿಯ ವಿಮಾನ

ನಾನು ದರ್ಜಿ. ಹಳೇ ವಿಮಾನಗಳೆಂದರೆ ಪ್ರಾಣ. ಭಾನುವಾರ ನನ್ನಂಥ ಹುಚ್ಚರೆಲ್ಲ ಅಂಗಡಿಯಲ್ಲಿ ಸೇರಿ ಹಾರಾಟದ ನೆನಪುಗಳನ್ನು ಹಂಚಿಕೊಂಡು ಹರಟುತ್ತೇವೆ. ಸ್ಟೂಲಿಗಿಂತ ಎತ್ತರ ಏರಿರದ ನನ್ನದೇ ಬಾಯಿ ಜೋರು. ವರ್ಷಗಟ್ಟಲೆ ಒದ್ದಾಡಿ, ಮರ ಮತ್ತು ಬಟ್ಟೆಯಲ್ಲಿ ಜೋಡಿರೆಕ್ಕೆಯ ಹಳೇ ವಿಮಾನವೊಂದರ ತದ್ರೂಪು ಕಟ್ಟಿದೆ. ಪೈಲಟ್ ಕೂರುವ ಗೂಡನ್ನು ಮೊದಲ ದಿನವೇ ನನ್ನ ಸೊಂಟದ ಅಳತೆಗೆ ಮಾಡಿಟ್ಟಿದ್ದೆ.

ಮೊನ್ನೆ ಕೆಲಸ ಮುಗಿಯಿತು. ಗೆಳೆಯರ ಚಪ್ಪಾಳೆಯ ನಡುವೆ ಠೀವಿಯಿಂದ ಹತ್ತಿದೆ. ಕಾಲು ಇಳಿಯಿತು, ಹೊಟ್ಟೆ ಇಳಿಯಲಿಲ್ಲ. ಅದುಮಲು ಇಬ್ಬರು ಸಾಕಾದರು, ಹೊರಗೆಳೆಯಲು ಎಲ್ಲರೂ ಬೇಕಾದರು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು:

"ಅಲ್ರೀ, ಕಂಡೋರ ಪ್ಯಾಂಟಿಗೆಲ್ಲ ಮುಂದೆ ದಪ್ಪ ಆಗ್ತಾರೆ ಅಂತ ಒಳಗಡೆ ಬಟ್ಟೆ ಬಿಟ್ಟು ಹೊಲೀತೀರಿ. ನಿಮ್ಮ ಹೊಟ್ಟೆ ಮೇಲೆ ಮಾತ್ರ ಅಷ್ಟೊಂದು ನಂಬಿಕೆನಾ?"