ದೊಡ್ಡಮ್ಮನಿಗೆ ಕುಡಿಸಿದ ಎಣ್ಣೆ

ಮೊನ್ನೆ ತಿಪಟೂರಿನ ಔಷಧಿ ಅಂಗಡಿಯಲ್ಲಿ ನೀರಿನಷ್ಟು ತಿಳಿಯಾದ ಎಣ್ಣೆಯ ಸೀಸೆಯೊಂದು ಕಣ್ಣಿಗೆ ಬಿತ್ತು. ಮೇಲೆ ‘ಕೀಟೋ’ ಎಂದು ದಪ್ಪಕ್ಷರ. ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು...

ನೆಂಟರಲ್ಲ, ಆದರೂ ದೊಡ್ಡಮ್ಮ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುತ್ತಿದ್ದವರು. ಒಂದು ದಿನ ಒಂದೇ ಕಾಯನ್ನು ಅಲ್ಲಾಡಿಸುತ್ತ ಕೂತೇ ಇದ್ದರು. ಆಮೇಲೆ ನನ್ನನ್ನು ನಮ್ಮವ್ವನ ಹೆಸರಿನಿಂದ ಕರೆಯತೊಡಗಿದರು.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಅವ್ವ ಕಾಯಿ ಸುಲಿದು ಓದಿಸಿದ ಬಿಎಸ್ಸಿ. ಆ ಹೆಮ್ಮೆಯಲ್ಲೇ, ಮರೆವಿನ ಕಾಯಿಲೆಯ ಬಗ್ಗೆ ಫೋನಿನಲ್ಲಿ ಓದಿದ್ದನ್ನು, ನಾನು ಅಣ್ಣ ಎನ್ನುವ ದೊಡ್ಡಮ್ಮನ ಮಗನಿಗೆ ಹೇಳಿದೆ: ಮಿದುಳು ಸಕ್ಕರೆಯನ್ನು ಸರಿಯಾಗಿ ಬಳಸಿಕೊಳ್ಳದಿದ್ದರೆ ಈ ಎಣ್ಣೆಯಿಂದ ಹುಟ್ಟುವ ಕೀಟೋನ್ ಅದಕ್ಕೆ ಉರುವಲಾಗುತ್ತದಂತೆ, ಅನ್ನ ಮುದ್ದೆ ಕಡಿಮೆ ಮಾಡಬೇಕಂತೆ. ಅಂಥದೇ ಒಂದು ಸೀಸೆಯನ್ನೂ ನಾನೇ ತಂದುಕೊಟ್ಟೆ, ದಿನಕ್ಕೊಂದು ಚಮಚ ಎಂದು.

ಅಣ್ಣ ಸೀಸೆಯ ಹಿಂಬದಿ ಓದಿ ನಕ್ಕರು. “ತೆಂಗಿನಕಾಯಿಂದ ಮಾಡಿದ್ದು ಅಂತ ಬರ್ದವ್ರೆ. ಅಟ್ಟದ ತುಂಬ ಕೊಬ್ಬರಿ ಇಟ್ಕಂಡು ಅಂಗ್ಡಿ ಎಣ್ಣೆ ಕುಡಿಸ್ಲೇನವ್ವ?”

ಮನೆಯ ಕೊಬ್ಬರಿಯನ್ನೇ ಗಾಣಕ್ಕೆ ಹಾಕಿಸಿದರು. ನಮ್ಮ ತೋಟದ್ದು, ಏನು ಮಾಡೀತು ಎಂದು ಚಮಚ ಹೋಗಿ ಸೌಟಾಯಿತು. ಮುದ್ದೆ ಪೂರ್ತಿ ನಿಂತಿತು. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ನಡೆದೇ ಇತ್ತು. ಅದನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನಾಲ್ಕನೆಯ ದಿನ, ಹೊಟ್ಟೆ ಕೆಟ್ಟು ಸೊರಗಿದ್ದ ದೊಡ್ಡಮ್ಮ ಹಿತ್ತಲಲ್ಲಿ ಬೆವೆತು ಕುಸಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ “ಯಾರು ಹೇಳಿದ್ದು ಇದನ್ನ?” ಎಂದರು. “ನಾನೇ” ಎಂದೆ. ಹೊರಗಿನ ಬೆಂಚಿನ ಮೇಲೆ ಕೂತಷ್ಟು ಹೊತ್ತೂ, ಓದದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು...

ಡ್ರಿಪ್ ಅರ್ಧ ಇಳಿಯುವಷ್ಟರಲ್ಲಿ ಒಳಗಿನಿಂದ ದೊಡ್ಡಮ್ಮನ ದನಿ ಬಂತು. “ಯಾರೇ ಅಲ್ಲಿ, ಒಂದ್ ಮುದ್ದೆ ಕೊಡ್ರೇ. ಎಣ್ಣೆ ತಂದ್ರೆ ನಿಮ್ ತಲೆಗೇ ಹಚ್ಕಳಿ.”

ಅಣ್ಣ, ನರ್ಸು, ಎಲ್ಲ ನಕ್ಕರು. ನಾನು ಅತ್ತುಬಿಟ್ಟೆ.

“ಮೈಯಲ್ಲಿ ನೀರು ಕಡಿಮೆಯಾಗಿತ್ತು, ಮುದ್ದೆ ಇಲ್ಲದೆ ಮಾತ್ರೆ ನುಂಗಿ ಸಕ್ಕರೆನೂ ಇಳಿದಿತ್ತು, ಈಗ ಭಯವಿಲ್ಲ,” ಎಂದರು ಡಾಕ್ಟರಮ್ಮ. “ಆ ಸೀಸೆ ಎಣ್ಣೆ ಕೊಬ್ಬರಿ ಎಣ್ಣೆಯ ಒಂದು ಅಂಶ ಮಾತ್ರ ಬೇರ್ಪಡಿಸಿದ್ದು, ಗಾಣದ್ದು ಬೇರೆ ಕಣಮ್ಮ. ಸೀಸೆಯದರಿಂದಲೂ ಕೆಲವರಿಗೆ ಅಷ್ಟಿಷ್ಟು ಅನುಕೂಲ ಆಗಬಹುದು ಅಂತಾರೆ, ಖಾತ್ರಿ ಇಲ್ಲ. ಮಾತ್ರೆ ತಗೊಳ್ಳೋರಿಗೆ ನಮ್ಮನ್ನ ಕೇಳದೆ ಕೊಡಬೇಡಿ.”

ಮರೆವು ವಾಸಿಯಾಗಲಿಲ್ಲ. ಆದರೆ ದೊಡ್ಡಮ್ಮ ಇನ್ನೂ ಮೂರು ವರ್ಷ ಮುದ್ದೆ, ಸೊಪ್ಪಿನ ಸಾರು ಉಂಡುಕೊಂಡು, ಜಗಲಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈದುಕೊಂಡು ಬದುಕಿದರು. ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಜಗಲಿ ಈಗ ಖಾಲಿ. ಬೈಸಿಕೊಳ್ಳದೆ ಅದರ ಮುಂದೆ ಹಾಯುವುದು ಇನ್ನೂ ಅಭ್ಯಾಸವಾಗಿಲ್ಲ... ಆದರೂ ಅವರು ಹೋದದ್ದು ವಯಸ್ಸಾಗಿ. ನನ್ನ ಮಾತಿನಿಂದಲ್ಲ.