ಸಾಫ್ಟ್ ಅಂತ ಬರೆದ ಲಾಟು

ಅಂಬರನಾಥದ ಕಾರ್ಖಾನೆಯಲ್ಲಿ ಇಷ್ಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಬೇರೆಯವರು ಮಾಡಿದ್ದನ್ನು ಅಳೆದು ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು. ಹಸಿರಿಗಿಂತ ಕೆಂಪು ಅಂಟಿಸುವಾಗ ನನಗೆ ಖುಷಿ ಹೆಚ್ಚು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬೆಳಿಗ್ಗೆ ಡೊಂಬಿವಲಿಯಲ್ಲಿ ಊರಿಗೆ ಊರೇ ಮುಂಬಯಿ ಕಡೆಯ ಗಾಡಿಗೆ ಜೋತುಬೀಳುವಾಗ ನಾನು ಉಲ್ಟಾ ದಿಕ್ಕಿನ ಲೋಕಲ್‌ನಲ್ಲಿ ಕಿಟಕಿ ಪಕ್ಕ ಕೂತು ಹೋಗುವವನು. ನನ್ನ ಹಣೆಯಲ್ಲಿ ಬರೆದ ಅದೃಷ್ಟ ಅಷ್ಟೇ. ಈಚೆಗೆ ಅಂಬರನಾಥ ಬಂದರೂ ಆ ಸೀಟಿನಿಂದ ಏಳುವುದೇ ಬೇಡ ಅನಿಸುತ್ತದೆ.

ಮೊದಲು ನಾವು ನೀರಿನ ಪಂಪಿನ ಬಿಡಿಭಾಗ ಮಾಡುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ಮಾಲೀಕರಿಗೆ ಸೈನ್ಯದ ಆರ್ಡರ್ ಸಿಕ್ಕಿತು. ಫಿರಂಗಿ ಗುಂಡಿನ ಹೊರಕವಚ ಮಾಡುವ ಕೆಲಸ. ಮದ್ದು ತುಂಬುವುದು ಬೇರೆಲ್ಲೋ, ನಮ್ಮಲ್ಲಿ ಬರೀ ಖಾಲಿ ಉಕ್ಕು. ಆ ದಿನ ಪೇಢಾ ಹಂಚಿದರು, ನಾನೂ ಎರಡು ತಿಂದೆ. ಹೆಂಡತಿ ನಮ್ಮ ಬಿಲ್ಡಿಂಗಿನ ಸೊಸೈಟಿಯಲ್ಲಿ ಈಗಲೂ "ನಮ್ಮವರು ಪಂಪ್ ಕಂಪನಿಯಲ್ಲಿ" ಎನ್ನುತ್ತಾಳೆ. ನಾನು ತಿದ್ದಲು ಹೋಗಲಿಲ್ಲ. ಪಂಪಿನದ್ದಾಗಲಿ ಗುಂಡಿನದ್ದಾಗಲಿ, ನಾವು ಕರೆಯುವುದು 'ಜಾಬ್' ಅಂತಲೇ.

ಹೀಗಿರುವಾಗ ಒಂದು ದಿನ ಹೊಸ ನಮೂನೆಯ ಕಾರ್ಡಿನ ಜೊತೆ ಒಂದು ಲಾಟ್ ಮಾಲು ಬಂತು. ಹಿಂದಿನ ಕಾರ್ಡುಗಳಲ್ಲಿ ಬರೀ ನಂಬರು ಇರುತ್ತಿತ್ತು. ಇದರಲ್ಲಿ ದಪ್ಪ ಅಕ್ಷರದಲ್ಲಿ 'ಸಾಫ್ಟ್' ಎಂದಿತ್ತು. ನಮ್ಮಲ್ಲಿ ಸಾಫ್ಟ್, ಹಾರ್ಡ್ ಎಂದರೆ ಉಕ್ಕಿನ ಗುಣ. ಯಂತ್ರದ ವಜ್ರದ ಮೊನೆ ಒತ್ತಿದರೆ ಉಕ್ಕು ಮೆತ್ತಗಿದೆಯೋ ಗಟ್ಟಿಯಿದೆಯೋ ಗೊತ್ತಾಗುತ್ತದೆ. ಈ ಸಲ ಉಕ್ಕು ಬದಲಾಗಿದೆ ಅಂದುಕೊಂಡು ಒತ್ತಿದೆ. ಗಟ್ಟಿ. ಇನ್ನೊಂದನ್ನು ಒತ್ತಿದೆ, ಅದೂ ಗಟ್ಟಿ. ಇಡೀ ಲಾಟಿಗೆ ಕೆಂಪು ಚೀಟಿ ಅಂಟಿಸಿ, ಕ್ಯಾಂಟೀನಿಗೆ ಹೋಗಿ ನೆಮ್ಮದಿಯಾಗಿ ಚಹಾ ಕುಡಿದೆ.

ಡಿಸೈನ್ ವಿಭಾಗದ ಸಾಹೇಬರು ಬೆಳಗಾವಿ ಕಡೆಯವರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕುರ್ಚಿಯಲ್ಲಿ ದೊಡ್ಡವರು. ಓಡುತ್ತಲೇ ಬಂದರು.

"ಏನ್ರೀ ಮಾಡಿಟ್ಟೀರಿ ಇದು? ಟೆಂಪೋ ಗೇಟಿಗೆ ಬಂದು ನಿಂತೈತಿ."

"ನಾನು ಎಂತ ಮಾಡುದು ಸಾರ್? ಸಾಫ್ಟ್ ಅಂತ ಬರ್ದವ್ರು ನೀವೇ. ಮಾಲು ನೋಡಿದ್ರೆ ಗಟ್ಟಿ ಉಂಟು."

ಅವರು ಹಣೆ ಹಿಡಿದುಕೊಂಡು ನಕ್ಕರು. "ಸಾಫ್ಟ್ ಅಂದ್ರ ಮಾಲಲ್ರೀ. ಇದು ಯಾರ ಮ್ಯಾಲೆ ಹೋಗಿ ಬೀಳ್ತದಲ್ಲ, ಅವ್ರು ಸಾಫ್ಟ್."

ನನ್ನ ತಲೆಗೆ ಹೋಗಲಿಲ್ಲ. ಅವರು ಬೆಂಚಿನ ಮೇಲೆ ಮೂರು ಜಾಬ್ ಇಟ್ಟು ಪಾಠ ಮಾಡಿದರು. ಟ್ಯಾಂಕಿನ ಉಕ್ಕನ್ನು ಭೇದಿಸುವುದಕ್ಕೆ ಸಣ್ಣದು, ಭಾರದ್ದು, ಚೂಪಿನದು. ಕಾಂಕ್ರೀಟ್ ಬಂಕರಿಗೆ ದಪ್ಪ ಮೂತಿಯದು; ಗೋಡೆ ಒಡೆದು ಒಳಹೋಗುವ ತನಕ ಅದು ಒಡೆಯಬಾರದು. ನಾನು ಕೆಂಪು ಚೀಟಿ ಅಂಟಿಸಿದ್ದು ಮಾತ್ರ ಒಡೆಯುವುದಕ್ಕೇ ಮಾಡಿದ್ದು. ಚೂರುಚೂರಾಗಿ ಸುತ್ತಲೂ ಹಾರಬೇಕು, ಹಾಗಾಗಿ ಪೆಡಸು ಉಕ್ಕು.

"ಬಯಲಾಗ ನಿಂತ ಮಂದಿಗೆ ಸಾಫ್ಟ್ ಟಾರ್ಗೆಟ್ ಅಂತಾರ್ರೀ," ಎಂದರು.

ಕೆಂಪು ಚೀಟಿಗಳನ್ನು ಒಂದೊಂದಾಗಿ ಕಿತ್ತೆ. ಇಂಥವೇ ಎಷ್ಟೋ ಲಾಟುಗಳು ನನ್ನ ಕೈಯಿಂದ ಪಾಸಾಗಿ ಹೋಗಿದ್ದವು. ಕವಚದ ದಪ್ಪ ಕೂದಲೆಳೆಯಷ್ಟು ಹೆಚ್ಚಿದ್ದರೂ ಬೈದು ವಾಪಸು ಕಳಿಸಿದ ಪುಣ್ಯಾತ್ಮ ನಾನು. ಚೂರುಗಳು ಸರಿಯಾಗಿ ಹಾರಲಿ ಎಂದೇ ಹಟ ಹಿಡಿದ ಹಾಗಾಯಿತಲ್ಲ! ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಮನೆಯಲ್ಲಿ ನಮ್ಮ ಮಾತು ತುಳು. ಆ ರಾತ್ರಿ ಎಲ್ಲ ಹೇಳಿಕೊಂಡಾಗ ಹೆಂಡತಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ರಿಟೈರ್ ಆಗ್ಲಿಕ್ಕೆ ಎರಡು ವರ್ಷ ಉಂಟು. ಬಿಟ್ಟು ಎಲ್ಲಿಗೆ ಹೋಗುದು? ಬೇರೆ ಲೈನ್ ಕೇಳಿ ನೋಡಿ."

ಕೇಳಲು ಧೈರ್ಯ ಬರಲು ಒಂದು ವಾರ ಹಿಡಿಯಿತು. ಆ ವಾರ ಡೊಂಬಿವಲಿ ಸ್ಟೇಷನ್ನಿನ ಸೇತುವೆ ದಾಟುವುದೇ ಕಷ್ಟವಾಯಿತು. ಕೆಳಗೆ ಪ್ಲಾಟ್‌ಫಾರ್ಮಿನಲ್ಲಿ ಡಬ್ಬಿ ಹಿಡಿದು, ಮಗುವನ್ನು ಎತ್ತಿಕೊಂಡು, ಮೊಬೈಲ್ ನೋಡುತ್ತ ನಿಂತವರೆಲ್ಲ ಆ ಕಾರ್ಡಿನ ದಪ್ಪ ಅಕ್ಷರವಾಗಿ ಕಾಣುತ್ತಿದ್ದರು. ಉಳಿದ ಎರಡು ವರ್ಷವಾದರೂ ಹೋಗಿ ಬೀಳುವಲ್ಲಿ ಮನುಷ್ಯರಿಲ್ಲದ ಮಾಲಿನ ಕೆಲಸ ಮಾಡಬೇಕು ಎಂಬುದೊಂದೇ ನನ್ನ ಆಸೆ.

"ಸಾರ್, ನನ್ನನ್ನು ಬಂಕರಿನ ಲೈನಿಗೆ ಹಾಕಿ," ಎಂದು ಡಿಸೈನ್ ಸಾಹೇಬರನ್ನು ಕೇಳಿದೆ. "ಸಿಮೆಂಟು ಒಡೆಯುವ ಮಾಲು ಅಳೀತಾ ಇರ್ತೇನೆ. ಸಿಮೆಂಟಿಗೆ ಎಂತ ಜೀವ ಉಂಟಾ?"

ಈ ಸಲ ಅವರು ನಗಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರಿಗೂ ಸಾಕಾಗಿತ್ತು ಎಂದು ಆಗಲೇ ನನಗೆ ತಿಳಿದದ್ದು.

"ಹಾಕ್ತೀನ್ರೀ, ಅದಕ್ಕೇನು," ಎಂದರು. ಆಮೇಲೆ ಮೆಲ್ಲಗೆ, "ಬಂಕರ್ ಖಾಲಿ ಇರ್ತದ ಅಂತ ತಿಳ್ಕೊಂಡೀರೇನು?"

ಸೋಮವಾರದಿಂದ ಲೈನ್ ಬದಲಾಯಿತು. ಆ ದಿನ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, "ಹೊಸ ಲೈನಿನದ್ದು ಎಂತದ್ದಕ್ಕೆ ಹೋಗಿ ಬೀಳುದು?"

"ಗೋಡೆಗೆ."

"ಗೋಡೆಗೆ ಮಾತ್ರವಾ?"

"ಮಾತ್ರ," ಎಂದೆ. ಅವಳು ಉಸಿರುಬಿಟ್ಟು, ಇನ್ನೊಂದು ಸೌಟು ಸಾರು ಬಡಿಸಿದಳು.